ಕೂದಲೆಳೆಯಷ್ಟು ಸಂದು

ಆನಗೋಡಿನ ಹತ್ತಿರ ಹಬೆ ಉಗುಳಿ ನಿಂತ ವ್ಯಾನನ್ನು
ತಿಪ್ಪೇಶಿಯ ಟ್ರ್ಯಾಕ್ಟರು ಹಗ್ಗ ಕಟ್ಟಿ ದಾವಣಗೆರೆಗೆ ಎಳೆದು ತಂದಾಗ
ಮಧ್ಯಾಹ್ನ ಎರಡು. ಕರೆಂಟು ಹೋಗಿತ್ತು.
ನಾನು ಲೇತಿನ ಪಕ್ಕ ಬುತ್ತಿ ಬಿಚ್ಚಿದ್ದೆ.

ಇಳಿದವರು ಇಬ್ಬರು. ಅಜ್ಜ, ಅಜ್ಜಿ ಅನ್ನಬಹುದು.
ಆತ ನೆರಳು ಹುಡುಕಿ ಮಡಿಚುವ ಕುರ್ಚಿ ಹಾಕಿ ಕೂತ.
ಆಕೆ ತೋಳು ಏರಿಸಿ
ಬಾನೆಟ್ಟಿನೊಳಗೆ ಮೊಣಕೈ ತನಕ ಇಳಿದು
ವಾಟರ್ ಪಂಪು ಬಿಚ್ಚಿ ಕೈಲಿ ಹಿಡಿದು ತಂದಳು,
ಈಗಷ್ಟೇ ಬಿದ್ದ ಕರುವಿನ ಹಾಗೆ ತೊಯ್ದು, ಬಿಸಿಬಿಸಿ.
ಒಳಗಿನ ಬುಷ್ಷು ಒಂದು ಕಡೆ ಸವೆದು ಚೌತಿಯ ಚಂದ್ರ.

ವ್ಯಾನಿನ ಮೈಮೇಲೆ ದಾಟಿದ ದೇಶಗಳ ಚೀಟಿ.
ತುರ್ಕಿ, ಇರಾನು, ಪಾಕಿಸ್ತಾನ, ಇನ್ನೂ ಓದಲು ಬಾರದವು.
ನಾನು ಹುಬ್ಬಳ್ಳಿ ದಾಟಿದ್ದು ಎರಡು ಸಲ.
ಎರಡೂ ಸಲ ಮದುವೆಗೆ.

ಆಕೆಯ ಫೋನು ಕನ್ನಡ ಮಾತಾಡಿತು:
"ಪೂಜ್ಯ ಯಂತ್ರಜ್ಞರೇ, ನಮ್ಮ ನೀರು ಅನಾರೋಗ್ಯದಲ್ಲಿದೆ.
ಆರು ದಿನಗಳಲ್ಲಿ ಚೆನ್ನೈ ಹಡಗು ನಮ್ಮನ್ನು ನುಂಗಬೇಕು."
ಜಬೀವುಲ್ಲಾ ನಕ್ಕು ನಕ್ಕು ಗ್ರೀಸಿನ ಡಬ್ಬಿ ಉರುಳಿಸಿದ.
ಆಕೆ ಫೋನು ಬದಿಗಿಟ್ಟು ನನ್ನ ವರ್ನಿಯರ್ ಎತ್ತಿಕೊಂಡಳು.
ಅಳೆದು, ಸೀಮೆಸುಣ್ಣದಲ್ಲಿ ನೆಲದ ಮೇಲೆ ಬರೆದಳು.
ಹದಿನಾರು ಪಾಯಿಂಟ್ ಸೊನ್ನೆ ಎರಡು.
ನಾನೂ ಅಳೆದೆ.
ಹದಿನಾರು ಪಾಯಿಂಟ್ ಸೊನ್ನೆ ಎರಡು.

ಪೇಟೆಯಲ್ಲಿ ಸಿಗುವ ಲೋಹ ಬರೀ ಮಿಕ್ಸು. ತಡೆಯದು.
ಬೆಂಚಿನ ಕೆಳಗಿನ ಪೆಟ್ಟಿಗೆ ಎಳೆದೆ.
ಗಿರಣಿ ಮುಚ್ಚಿದ ವರ್ಷ, ಸಂಬಳದ ಬಾಕಿಗೆ ಬದಲು,
ಗುಜರಿಯವನಿಗಿಂತ ಮೊದಲು ನುಗ್ಗಿ ಹೊತ್ತು ತಂದಿದ್ದ
ಗನ್‌ಮೆಟಲ್ ತುಂಡು.
ಯಾತಕ್ಕೂ ಮುಟ್ಟಿಸಿರಲಿಲ್ಲ, ಮಗಳ ಮದುವೆಗೂ.

ಅದರ ಮೇಲಿನ ಅಚ್ಚಿನ ಮೇಲೆ ಆಕೆ ಬೆರಳಾಡಿಸಿದಳು.
ಏನೋ ಕೇಳಿದಳು.
"ಇದು ತಿರುಗುವ ಮನೆಯೇ?" ಅಂತು ಫೋನು.
ಹೂಂ ಅನ್ನುವುದೋ ಬಿಡುವುದೋ ತಿಳಿಯದೆ ನಿಂತೆ.
ಆಗ ಆಕೆ ಎಡಗೈ ಎತ್ತಿ
ಗಾಳಿಯಲ್ಲಿ ಇಲ್ಲದ ಎಳೆಯೊಂದನ್ನು ಹಿಡಿದು
ಹೆಬ್ಬೆರಳು ಮಡಿಚಿ, ತೋರುಬೆರಳಿಗೆ ಸುತ್ತಿ
ಜಗ್ಗಿದಳು.

ನನ್ನವ್ವ ಚೌಡವ್ವ
ಎರಡನೇ ಪಾಳಿ ಮುಗಿಸಿ ಬಂದು ಮಲಗಿ
ನಿದ್ದೆಯಲ್ಲೂ ಕೌದಿಯ ಮೇಲೆ ಹಾಕುತ್ತಿದ್ದ ಗಂಟು.

ಅವರೂರಲ್ಲೂ ಗಿರಣಿಗಳಿದ್ದವಂತೆ. ಸೈರನ್ನು ಕೂಗುತ್ತಿತ್ತಂತೆ.
ಈಗ ಅಲ್ಲೇನೈತ್ರೀ ಅಂದೆ.
"ಅಂಗಡಿಗಳು" ಅಂತು ಫೋನು.
ಈ ಸಲ ಅದು ತಪ್ಪಿರಲಿಕ್ಕಿಲ್ಲ.

ಕರೆಂಟು ಬಂದದ್ದು ಏಳೂವರೆಗೆ.
ಮಂಡಕ್ಕಿ ಭಟ್ಟಿಯ ಹೊಗೆ ಇಳಿದು ಟ್ಯೂಬ್‌ಲೈಟಿಗೆ ಮುಸುಕು.
ಚಕ್ಕಿನಲ್ಲಿ ತುಂಡು ತಿರುಗಿತು. ಮೊದಲು ಕರಿ ಸುಲಿಯಿತು,
ಆಮೇಲೆ ಹೊಳಪಿನ ಚೂರು ನನ್ನ ಕಾಲಿಗೆ, ಆಕೆಯ ಕಾಲಿಗೆ.
ಹೇಳದೆಯೇ ಎಣ್ಣೆ ಹನಿಸುತ್ತ ನಿಂತಳು.
ಅಜ್ಜ ಜಬೀವುಲ್ಲನ ಜೊತೆ ಮಿರ್ಚಿ ಕಚ್ಚಿ
ಕಣ್ಣೀರು ಸುರಿಸಿ, ಇನ್ನೊಂದು ಅಂದ.

ಹನ್ನೊಂದಕ್ಕೆ ಎಂಜಿನ್ನು ಹಿಡಿಯಿತು. ಬಿಸಿಯ ಮುಳ್ಳು ಅರ್ಧಕ್ಕೆ ಬಂದು ನಿಂತಿತು.
"ಎಂಬತ್ತು ದಾಟಬ್ಯಾಡ್ರಿ" ಅಂದೆ.
ಫೋನು ಏನು ಹೇಳಿತೋ,
ಆಕೆ ಗಂಡನ ಕಡೆ ನೋಡಿ ಬಿದ್ದು ಬಿದ್ದು ನಕ್ಕಳು.
ಆರುನೂರು ತಗೊಂಡೆ. ಕೂಲಿಗೆ. ತುಂಡಿಗೆ ಅಲ್ಲ.

ಇದಾಗಿ ನಾಕು ತಿಂಗಳು.
ಹಡಗು ಸಿಕ್ಕಿತೋ ಇಲ್ಲವೋ.
ರಾತ್ರಿ ಎಚ್ಚರಾದರೆ ನನಗೆ ಒಂದೇ ಯೋಚನೆ:
ಬುಷ್ಷಿಗೂ ಶಾಫ್ಟಿಗೂ ನಡುವೆ ಬಿಟ್ಟ ಸಂದು
ನಮ್ಮ ಬಿಸಿಲಿನ ಲೆಕ್ಕದ್ದು.
ಅವರ ಕಡೆ ನೀರು ಕಲ್ಲಾಗುವ ಚಳಿಯಂತೆ.
ಲೋಹ ಮುದುಡಿಕೊಳ್ಳುತ್ತದೆ, ಹಿಡಿದರೆ ಬಿಡುವುದಿಲ್ಲ.
ಇನ್ನೊಂದು ಕೂದಲೆಳೆ ಬಿಡಬೇಕಿತ್ತು.

ನೆಲದ ಮೇಲೆ ಸೀಮೆಸುಣ್ಣ ಅರ್ಧ ಅಳಿಸಿದೆ.
ಜಬೀವುಲ್ಲಾ ಪೊರಕೆ ಹಿಡಿದು ಬಂದರೆ
ಅಷ್ಟು ಜಾಗ ಬಿಟ್ಟು ಗುಡಿಸೋ ಅನ್ನುತ್ತೇನೆ.